ಕಂಡಕ್ಟರ್ ಪೂವಪ್ಪನ ಕಿವಿ

ಕಾಸರಗೋಡಿನಿಂದ ಹೊರಟು ಚೆರ್ಕಳ, ಬೋವಿಕ್ಕಾನ, ಕೋಟೂರು, ಕಾರಡ್ಕ ದಾಟಿ ಮುಳ್ಳೇರಿಯಕ್ಕೆ ಹೋಗುವ ‘ಸೌಭಾಗ್ಯ’ ಬಸ್ಸಿನಲ್ಲಿ ಪೂವಪ್ಪ ಹದಿನೈದು ವರ್ಷ ಕಂಡಕ್ಟರನಾಗಿದ್ದ. ಅಷ್ಟು ವರ್ಷವೂ ಊರಿನವರು ಅವನನ್ನು ಹೊಗಳುತ್ತಿದ್ದದ್ದು ಒಂದೇ ಮಾತಿನಲ್ಲಿ: “ಪೂವಪ್ಪನ ಬಸ್ಸಲ್ಲಿ ಬಾಯಿ ತೆರೆಯಬೇಕೂಂತ ಇಲ್ಲ.” ನೀವು ಹತ್ತಿ ಕೂತರೆ ಸಾಕು, ಇಳಿಯುವ ಜಾಗಕ್ಕೆ ಸರಿಯಾಗಿ ಟಿಕೆಟು ಹರಿದು ಕೊಡುತ್ತಿದ್ದ. ನಿಮ್ಮ ಸ್ಟಾಪು ಬಂದಾಗ ನೀವು ತೂಕಡಿಸುತ್ತಿದ್ದರೂ ಅವನ ಕೈ ಬೆಲ್ಲಿನ ಹಗ್ಗ ಎಳೆದಿರುತ್ತಿತ್ತು. ಇಂಥ ಕಂಡಕ್ಟರ್ ಇಡೀ ತಾಲೂಕಿನಲ್ಲಿ ಇಲ್ಲ ಎಂದು ಬಸ್ಸಿನ ಮಾಲಕರಾದ ಧನಿಯೂ ನಾಲ್ಕು ಜನರ ಎದುರು ಹೇಳಿದ್ದುಂಟು.

ಹೊಗಳಿಕೆಯ ಹಿಂದಿನ ಗುಟ್ಟು ಹೆಂಡತಿ ರಾಜೀವಿಯನ್ನು ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಪೂವಪ್ಪನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಕಿವಿ ಹಾಳಾದದ್ದು ಬಸ್ಸಿಗೆ ಬರುವ ಮೊದಲು. ಇಪ್ಪತ್ತರ ಪ್ರಾಯದಿಂದ ಎಂಟು ವರ್ಷ ಅವನು ಕಾಸರಗೋಡಿನ ಹತ್ತಿರದ ಅನಂತಪುರದ ಗುಡ್ಡೆಯ ಮೇಲೆ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕೊಯ್ಯುವ ಮೆಷಿನ್ ದೂಡಿದ್ದ. ಆ ಮೆಷಿನ್ನಿನ ಅಲಗು ಪಾರೆಕಲ್ಲಿಗೆ ತಾಗುವಾಗ ಬರುವ ಸದ್ದನ್ನು ಕೇಳಿದವರೇ ಬಲ್ಲರು, ಹಲ್ಲಿನ ಬುಡ ಅಲ್ಲಾಡುತ್ತದೆ. ಕಿವಿಗೆ ಹತ್ತಿ ತುರುಕಿಕೊಂಡವನನ್ನು ನಗಾಡುವುದು ಅಲ್ಲಿಯ ಗಂಡಸುತನ. ಅಂಥ ಗಂಡಸುತನಕ್ಕೆ ಏನೆನ್ನಬೇಕೋ! ೨೦೦೧ರಲ್ಲಿ ಕೋರೆ ಬಿಟ್ಟು ಬಸ್ಸು ಸೇರಿದಾಗ ಕಿವಿಯೊಳಗೆ ಸಣ್ಣಗೆ ಒಂದು ಸೀಟಿ ಊದುತ್ತಿತ್ತು, ಅಷ್ಟೆ. ಹತ್ತು ವರ್ಷ ಕಳೆಯುವಾಗ ಸೀಟಿ ಹಾಗೆಯೇ ಇತ್ತು, ಜನರ ಮಾತು ಮಾತ್ರ ದೂರ ದೂರ ಹೋಗಿತ್ತು.

ಕಿವುಡ ಕಂಡಕ್ಟರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಪೂವಪ್ಪ ಕಿವಿಯ ಕೆಲಸವನ್ನು ಕಣ್ಣಿಗೆ ಮತ್ತು ನೆನಪಿಗೆ ವಹಿಸಿದ. ಯಾವ ಮಾಸ್ಟ್ರು ಎಲ್ಲಿ ಇಳಿಯುತ್ತಾರೆ, ಯಾವ ಅಕ್ಕ ಯಾವ ವಾರ ತವರಿಗೆ ಹೋಗುತ್ತಾಳೆ, ಎಲ್ಲ ಬಾಯಿಪಾಠ. ಹೊಸಬರಾದರೆ ತುಟಿ ನೋಡುತ್ತಿದ್ದ. ಚೀಲ ಮಡಿಲಿಗೆ ಎಳೆದುಕೊಂಡರೆ ಇಳಿಯುವ ಹೊತ್ತಾಯಿತು ಎಂದು ಅರ್ಥ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಯಾವುದರಲ್ಲಿ ಹೇಳಿದರೂ ಅವನಿಗೆ ಒಂದೇ, ಏಕೆಂದರೆ ಅವನು ಓದುತ್ತಿದ್ದದ್ದು ಮುಖವನ್ನು. ಜನ ಅದನ್ನು ಬುದ್ಧಿವಂತಿಕೆ ಅಂದುಕೊಂಡರು. ಬುದ್ಧಿವಂತಿಕೆಯೇ ಹೌದು, ಅದರಲ್ಲಿ ಸುಳ್ಳಿಲ್ಲ.

“ಡಾಕ್ಟರಿಗೆ ತೋರಿಸಿ. ನಾನು ಒಲೆ ಹತ್ತಿರ ನಿಂತು ನಾಲ್ಕು ಸಲ ಕರೆದೆ, ನೀವು ಪೇಪರ್ ಓದ್ತಾ ಕೂತಿದ್ದೀರಿ,” ಎಂದು ರಾಜೀವಿ ಹೇಳಿದ್ದಳು.

“ಪೇಪರಲ್ಲಿ ಮನಸ್ಸಿತ್ತು.”

“ಮನಸ್ಸು ಪೇಪರಲ್ಲಿ ಇರ್ಲಿ, ಕಿವಿ ಎಲ್ಲಿತ್ತು?”

ಅವನು ಅಂಗಿ ಹಾಕಿಕೊಂಡು ಹೊರಟಿದ್ದ.

೨೦೧೬ರ ಜೂನ್ ತಿಂಗಳು. ಶಾಲೆ ಶುರುವಾದ ವಾರ, ಮೇಲಿನಿಂದ ಮಳೆ. ಕಿಟಕಿಗಳ ಟರ್ಪಾಲು ಇಳಿಸಿದ ಬಸ್ಸಿನಲ್ಲಿ ಮಕ್ಕಳು, ಒದ್ದೆ ಕೊಡೆಗಳು, ಮೀನಿನ ಪ್ಲಾಸ್ಟಿಕ್ ಚೀಲಗಳು. ಕೋಟೂರಿನಲ್ಲಿ ಬಸ್ಸು ನಿಂತಿತು. ಮುಂದಿನ ಬಾಗಿಲು ಹೆಂಗಸರದು, ಅಲ್ಲಿ ಇಬ್ಬರು ಇಳಿದರು. ಹಿಂದಿನ ಬಾಗಿಲಲ್ಲಿ ನಿಲ್ಲುವವನು ಲತೀಶ್. ಬಾಗಿಲಲ್ಲಿ ನೇತಾಡುವವನನ್ನು ನಮ್ಮ ಕಡೆ ‘ಕಿಳಿ’ ಎನ್ನುತ್ತಾರೆ, ಗಿಳಿ ಎಂದು ಅರ್ಥ. ಈ ಗಿಳಿಗೆ ನಲವತ್ತು ದಾಟಿ ಹೊಟ್ಟೆಯೂ ಬಂದಿತ್ತು. ಹಿಂದೆ ಯಾರೂ ಇಳಿಯುವವರಿಲ್ಲ ಎಂದಾಗ ಅವನು ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಪೆಟ್ಟು ಹೊಡೆಯುತ್ತಾನೆ. ಅದನ್ನು ಕೇಳಿ, ಮುಂದಿನ ಬಾಗಿಲು ನೋಡಿ, ಕಂಡಕ್ಟರ್ ಹಗ್ಗ ಎಳೆಯಬೇಕು. ಒಂದು ಬೆಲ್ಲಾದರೆ ಬಸ್ಸು ನಿಲ್ಲಬೇಕು, ಎರಡಾದರೆ ಹೊರಡಬೇಕು. ಪೂವಪ್ಪ ಮುಂಬಾಗಿಲಿಗೆ ಬೆನ್ನು ಹಾಕಿ ಮಕ್ಕಳಿಗೆ ಟಿಕೆಟು ಕೊಡುತ್ತಿದ್ದ. ತಿರುಗುವ ಮೊದಲು, ಹಳೆಯ ಗಿರಾಕಿ ಅಮ್ಮಣ್ಣಿ ಬಾಗಿಲ ಕಡೆಗೆ ಸರಿದದ್ದನ್ನು ಓರೆಗಣ್ಣಲ್ಲಿ ಕಂಡಿದ್ದ. ಅವಳ ಸ್ಟಾಪು ಕಾರಡ್ಕ, ಹದಿನೈದು ವರ್ಷದಿಂದ ಕಾರಡ್ಕ, ಈಗಲೇ ಎದ್ದು ನಿಂತಿದ್ದಾಳೆ ಎಂದುಕೊಂಡ. ತಗಡಿನ ಪೆಟ್ಟು ಮಾತ್ರ ಅವನಿಗೂ ಕೇಳಿಸುವಷ್ಟು ಜೋರಾಗಿ ಬಿತ್ತು. ಎರಡು ಬೆಲ್ ಎಳೆದ.

ಅಮ್ಮಣ್ಣಿಯ ಒಂದು ಕಾಲು ಮೆಟ್ಟಿಲಲ್ಲಿತ್ತು, ಒಂದು ಕಾಲು ಗಾಳಿಯಲ್ಲಿತ್ತು. ಅಂದು ಅವಳು ಮನೆಗೆ ಹೋಗುವ ಮೊದಲು ಕೋಟೂರಿನಲ್ಲಿ ಇಳಿದು ಒಬ್ಬ ಬಾಣಂತಿಯನ್ನು ಮೀಯಿಸಲು ಹೊರಟಿದ್ದಳು. ಅದೇ ಅವಳ ಕಸುಬು. ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವುದು, ಕಾಲು ನೀಡಿ ಕೂತು ಎಳೆ ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸುವುದು. ಅವಳು ರಸ್ತೆಗೆ ಬಿದ್ದಳು, ಬಲಗೈಯ ಮಣಿಕಟ್ಟು ಮುರಿಯಿತು.

ಜನ ಸೇರಿದರು. “ಎಂತ ಮಾರಾಯ, ನೋಡ್ಲಿಕ್ಕಾಗುದಿಲ್ವಾ?” ಎಂದು ಯಾರೋ ಕೂಗಿದರು. ಪೂವಪ್ಪನ ಬಾಯಿಯಿಂದ ಮಾತು ತಾನಾಗಿ ಬಂತು.

“ಅವ್ರು ಹೇಳ್ಲೇ ಇಲ್ಲ.”

ಎಲ್ಲರೂ ನಂಬಿದರು. ಪೂವಪ್ಪ ತಪ್ಪುವವನಲ್ಲ ಎಂಬುದು ಊರಿಗೇ ಗೊತ್ತು. ಇನ್ನು ಅಮ್ಮಣ್ಣಿಯ ಸ್ವರವೋ, ಮಲಗಿದ ಮಕ್ಕಳು ಏಳಬಾರದೆಂದು ಜೀವಮಾನವಿಡೀ ತಗ್ಗಿಸಿ ಮಾತಾಡಿ ಮಾತಾಡಿ ಅದು ತಗ್ಗಿಯೇ ಹೋಗಿತ್ತು. ಬಾಯಿ ಬಿಡದ ಹೆಂಗಸು, ಪಾಪ, ಎಂದು ಊರು ತೀರ್ಮಾನ ಮಾಡಿತು. ಪೊಲೀಸರೂ ಅದನ್ನೇ ಬರೆದುಕೊಂಡರು.

ಆ ಸಂಜೆ ಮನೆಯಲ್ಲಿ ರಾಜೀವಿ ಅನ್ನ ಬಡಿಸಲಿಲ್ಲ. ಎದುರು ಕೂತು, ಅವನಿಗೆ ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದಳು: “ಅವ್ರು ಹೇಳ್ಲಿಲ್ವಾ, ನಿಮ್ಗೆ ಕೇಳ್ಲಿಲ್ವಾ?”

ಅವನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೇ ಅವನನ್ನು ತಿನ್ನಲು ಶುರು ಮಾಡಿದ್ದು. ಮರುದಿನ ಧನಿಯ ಬಳಿ ಹೋಗಿ ಚರ್ಮದ ಚೀಲ ಮೇಜಿನ ಮೇಲಿಟ್ಟು, ಕಿವಿ ಸ್ವಲ್ಪ ಮಂದವಾಗಿದೆ, ಸರಿ ಮಾಡಿಕೊಂಡು ಬರುತ್ತೇನೆ ಎಂದ. ‘ಸ್ವಲ್ಪ’ ಎಂದದ್ದು ಎರಡನೆಯ ಸುಳ್ಳು. ಧನಿ ಕನಿಕರದಿಂದ ಮುಳ್ಳೇರಿಯದ ಸ್ಟ್ಯಾಂಡಿನಲ್ಲಿ ಬಸ್ಸುಗಳ ಸಮಯ ಬರೆದಿಡುವ ಕೆಲಸ ಕೊಟ್ಟರು.

ಸರಿ ಮಾಡಿಕೊಳ್ಳುವುದು ಪೂವಪ್ಪ ಅಂದುಕೊಂಡಷ್ಟು ಸುಲಭವಿರಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ, ನರ ಸವೆದಿದೆ, ಮದ್ದಿಲ್ಲ, ಕಿವಿಗೆ ಮೆಷಿನ್ ಹಾಕಿ ಎಂದರು. ಮೆಷಿನ್ ಹಾಕಿಕೊಂಡ. ಮನೆಯೊಳಗೆ ರಾಜೀವಿಯ ಮಾತು ವರ್ಷಗಳ ನಂತರ ಸರಿಯಾಗಿ ಕೇಳಿಸಿತು. ಆ ಖುಷಿಯಲ್ಲಿ ಓಡಿಹೋಗಿ ಬಸ್ಸು ಹತ್ತಿದ. ಹತ್ತಿದ ಮೇಲೆ ಇಂಜಿನು, ಹಾರ್ನು, ಟರ್ಪಾಲಿನ ಪಟಪಟ, ಐವತ್ತು ಬಾಯಿಗಳು, ಎಲ್ಲವೂ ಒಟ್ಟಿಗೆ ಕಿವಿಯೊಳಗೆ ನುಗ್ಗಿದವು. ಮೆಷಿನ್ನಿಗೆ ಎಲ್ಲ ಸದ್ದೂ ಒಂದೇ. ಎಲ್ಲವನ್ನೂ ದೊಡ್ಡದು ಮಾಡಿ ಕೊಡುತ್ತದೆ. ಇನ್ನೂ ದುಬಾರಿಯದು ಒಂದು ತೋರಿಸಿದರು, ಅದು ಮುಖದ ಎದುರಿನ ಮಾತನ್ನು ಮಾತ್ರ ಹಿಡಿದು ಬೆನ್ನ ಹಿಂದಿನದನ್ನು ಅದುಮುತ್ತದಂತೆ. ಹೋಟೆಲಿನಲ್ಲಿ ಎದುರುಬದುರು ಕೂತು ಚಾ ಕುಡಿಯುವವರಿಗೆ ಒಳ್ಳೆಯದು. ಕಂಡಕ್ಟರನನ್ನು ಯಾರು ಎದುರು ಬಂದು ಕರೆಯುತ್ತಾರೆ? ಕರೆಯೆಲ್ಲ ಬರುವುದು ಬೆನ್ನ ಹಿಂದಿನಿಂದ. ಪೂವಪ್ಪ ಮೆಷಿನ್ ತೆಗೆದು ಕಿಸೆಗೆ ಹಾಕಿದ, ಆದರೆ ಮನೆಯ ಕಪಾಟಿಗೆ ಹಾಕಲಿಲ್ಲ. ದಿನಾ ಕಿಸೆಯಲ್ಲೇ ಇರುತ್ತಿತ್ತು.

ಆ ಕಿಸೆಯಿಂದಲೇ ಅದು ನಮಿತಾಳ ಕಣ್ಣಿಗೆ ಬಿದ್ದದ್ದು. ನಮಿತಾ ಕಾರಡ್ಕದವಳು, ಶಾಲೆಗೆ ಹೋಗುವ ಕಾಲದಿಂದಲೂ ಪೂವಪ್ಪನಿಗೆ ಪರಿಚಯ. ಪರಿಚಯ ಎಂದರೆ ಜಗಳ. ವಿದ್ಯಾರ್ಥಿಗಳ ಅರ್ಧ ಟಿಕೆಟಿನ ಕಾರ್ಡು ಮನೆಯಲ್ಲಿ ಮರೆತು ಬಂದು, ಮರೆತದ್ದೇ ತನ್ನ ಹಕ್ಕು ಎಂಬಂತೆ ವಾದ ಮಾಡುತ್ತಿದ್ದ ಹುಡುಗಿ. ಈಗ ಮಂಗಳೂರಿನ ಕಡೆ ಒಂದು ಕಾಲೇಜಿನಲ್ಲಿ ಎಂ.ಟೆಕ್ ಓದುತ್ತಿದ್ದಳು. ೨೦೧೭ರ ನವೆಂಬರಿನ ಒಂದು ಶನಿವಾರ ಸ್ಟ್ಯಾಂಡಿನಲ್ಲಿ ಬಸ್ಸು ಕಾಯುತ್ತಾ ನಿಂತವಳು ಅವನ ಕಿಸೆ ನೋಡಿದಳು.

“ಅದು ಕಿವಿಗೆ ಹಾಕ್ಲಿಕ್ಕೆ ಇರುದು ಪೂವಪ್ಪಣ್ಣ, ಕಿಸೆಗಲ್ಲ.”

“ಕಿವಿಗೆ ಹಾಕಿದ್ರೆ ಬಸ್ಸೇ ತಲೆಯೊಳಗೆ ಓಡ್ತದೆ, ಎಂತ ಮಾಡುದು?”

ನಮಿತಾ ನಗಲಿಲ್ಲ. ಅವನ ಪಕ್ಕದಲ್ಲಿ ಕೂತಳು. ತಾನು ಕಾಲೇಜಿನಲ್ಲಿ ಮಾಡುತ್ತಿರುವುದು ಇದನ್ನೇ ಎಂದಳು. ಗಲಾಟೆಯ ನಡುವಿನಿಂದ ಮಾತನ್ನು ಹೆಕ್ಕಿ ಕೊಡಲು ಕಂಪ್ಯೂಟರಿಗೆ ಕಲಿಸುವುದು. ಸ್ವಚ್ಛವಾದ ಸಾವಿರಾರು ಮಾತುಗಳು ಒಂದು ಕಡೆ, ಸಾವಿರಾರು ಬಗೆಯ ಗಲಾಟೆ ಇನ್ನೊಂದು ಕಡೆ. ಎರಡನ್ನೂ ಬೆರೆಸಿ ಕಂಪ್ಯೂಟರಿಗೆ ಕೊಟ್ಟು, ಇದರೊಳಗಿನ ಮಾತು ಯಾವುದು ಹೇಳು ಎಂದು ಕೇಳುವುದು. ಅದು ತಪ್ಪು ಹೇಳುತ್ತದೆ. ಸರಿಯುತ್ತರದ ಜೊತೆ ಹೋಲಿಸಿ ತನ್ನನ್ನೇ ಒಂಚೂರು ತಿದ್ದಿಕೊಳ್ಳುತ್ತದೆ. ಹೀಗೆ ಲಕ್ಷ ಲಕ್ಷ ಸಲ.

“ಕಂಡಕ್ಟರ್ ಕೆಲಸದ ಹಾಗೆ,” ಎಂದ ಪೂವಪ್ಪ. “ನಂಗೂ ಯಾರೂ ಕಲಿಸ್ಲಿಲ್ಲ. ಸಾವಿರ ಟ್ರಿಪ್ ತಪ್ಪಿದ ಮೇಲೆ ಬಂತು. ಅಲ್ಲ, ಆ ಗಲಾಟೆ ಎಲ್ಲಿಂದ ತಂದದ್ದು?”

“ಇಂಟರ್‌ನೆಟ್ಟಿಂದ. ಹೊರದೇಶದ ಹೋಟೆಲು, ರೈಲು, ವಿಮಾನ ನಿಲ್ದಾಣ...”

“ಅದ್ರಲ್ಲಿ ಮುಳ್ಳೇರಿಯದ ಬಸ್ಸುಂಟಾ?”

“ಇಲ್ಲ.”

“ಹಾಗಾದ್ರೆ ಅದು ಎಂತ ಕಲೀತದೆ ಮಾರಾಯ್ತಿ? ನಮ್ಮ ಬಸ್ಸಿಗೆ ಬಂದು ಕಲೀಲಿ.”

ಅವನು ಹೇಳಿದ್ದು ತಮಾಷೆಗಲ್ಲ. ಮರುವಾರ ನಮಿತಾ ಎರಡು ಪುಟ್ಟ ಮೈಕು ತಂದಳು. ಒಂದೊಂದು ಕಿವಿಯ ಹಿಂದೆ ಒಂದೊಂದು ಅಂಟಿಸಿಕೊಂಡು ಪೂವಪ್ಪ ತನ್ನ ಬಿಡುವಿನ ಹೊತ್ತಿನಲ್ಲೆಲ್ಲ ಸೌಭಾಗ್ಯ ಬಸ್ಸಿನಲ್ಲಿ ಓಡಾಡಿದ. ಖಾಲಿ ಬಸ್ಸು, ತುಂಬಿದ ಬಸ್ಸು, ಚೆರ್ಕಳದ ಪೇಟೆಯಲ್ಲಿ ಸಿಕ್ಕಿಬಿದ್ದ ಬಸ್ಸು, ಏರು ಹತ್ತುವಾಗ ಎರಡನೆಯ ಗೇರಿನಲ್ಲಿ ನರಳುವ ಬಸ್ಸು, ಮಳೆಗಾಲ ಬಂದ ಮೇಲೆ ಟರ್ಪಾಲು ಇಳಿಸಿದ ಬಸ್ಸು. ಒಂದನ್ನೂ ಬಿಡಲಿಲ್ಲ. ನೆಕ್ರಾಜೆಯಲ್ಲಿದ್ದ ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೋಗುವಾಗಲೂ ಮೈಕು ಹಾಕಿಕೊಂಡೇ ಹೋದ. ತಂಗಿ ಮೂರು ದಿನ ಮಾತು ಬಿಟ್ಟಳು.

ಗಲಾಟೆ ಸಿಕ್ಕಿತು, ಸ್ವಚ್ಛ ಮಾತು ಬೇಕಲ್ಲ? ಕಾರಡ್ಕದ ವಾಚನಾಲಯದ ಹಿಂದಿನ ಕೋಣೆಗೆ ಕಂಬಳಿ ಕಟ್ಟಿ ಸದ್ದು ಬಾರದ ಹಾಗೆ ಮಾಡಿದರು. ಬಸ್ಸಿನಲ್ಲಿ ಹೇಳುವುದನ್ನು ಇಲ್ಲಿ ಬಂದು ಹೇಳಿ ಎಂದು ಪೂವಪ್ಪ ಮನೆಮನೆಗೆ ಹೋಗಿ ಕರೆದ. ಜನ ಬಂದರು. “ಇಳೀಲಿಕ್ಕುಂಟು!” “ಜಪ್ಪರೆ ಉಂಡು!” “ಆಳಿರಂಙಾನುಂಡ್!” ಒಂದೇ ಮಾತು ಕನ್ನಡ, ತುಳು, ಮಲಯಾಳದಲ್ಲಿ; ಕಂಬಳಿ ಅದುರಿತು. ಆರು ಭಾಷೆಗಳಲ್ಲಿ ನೂರ ಎಂಬತ್ತು ಜನ ಸ್ವರ ಕೊಟ್ಟರು. ಲತೀಶನಂತೂ ಮೈಕು ಕಂಡದ್ದೇ ಒಂದು ಪದ್ಯ ಹಾಡಿಬಿಟ್ಟ.

೨೦೧೮ರ ಆಗಸ್ಟಿನಲ್ಲಿ ಮೊದಲ ಪರೀಕ್ಷೆ. ಕಿವಿಯ ಹಿಂದೆ ಮೈಕು, ಅಂಗಿಯ ಕಿಸೆಯಲ್ಲಿ ನಮಿತಾಳ ಪ್ರೋಗ್ರಾಂ ಇರುವ ಫೋನು, ಅಲ್ಲಿಂದ ಕಿವಿಗೆ ವಯರು. ಪೂವಪ್ಪ ಕೇಳಿಸಿಕೊಂಡು ಹೇಳಿದರೆ ಮಾತ್ರ ಹೊಸ ಕಂಡಕ್ಟರ್ ಬೆಲ್ ಎಳೆಯಬೇಕು ಎಂದು ಮಾತಾಗಿತ್ತು. ನಿಂತ ಬಸ್ಸಿನ ಇಂಜಿನು ಶುರು ಮಾಡಿದಾಗ ಪೂವಪ್ಪ ಬೆಚ್ಚಿಬಿದ್ದ. ಇಂಜಿನಿನ ಸದ್ದು ಗೋಡೆಯ ಆಚೆ ಹೋದ ಹಾಗಾಗಿತ್ತು. ಐದು ಸೀಟು ಹಿಂದೆ ಇಬ್ಬರು ಮಗಳ ಮದುವೆಯ ವಿಷಯ ಮಾತಾಡುತ್ತಿದ್ದದ್ದು ಒಂದೊಂದೇ ಮಾತಾಗಿ ಕೇಳಿಸಿತು. ಅವನ ಕಣ್ಣು ತುಂಬಿಕೊಂಡಿತು, ಅದನ್ನು ಅಡಗಿಸಲೂ ಇಲ್ಲ. ಬಸ್ಸು ಹೊರಟು ಬೋವಿಕ್ಕಾನದಲ್ಲಿ ನಿಂತಿತು. ನಿಂತದ್ದು ನಿಂತೇ ಇತ್ತು. ಹಿಂದಿನಿಂದ ಲತೀಶ್ ಓಡಿ ಬಂದ.

“ಎಂತ ಪೂವಪ್ಪಣ್ಣ, ಕೈ ನೋಯುವಷ್ಟು ಬಡಿದೆ. ಬೆಲ್ ಕೊಡ್ಲಿಕ್ಕೆ ಹೇಳಿ!”

ಪೂವಪ್ಪನಿಗೆ ಒಂದು ಪೆಟ್ಟೂ ಕೇಳಿಸಿರಲಿಲ್ಲ. ನಮಿತಾ ಹಣೆ ಬಡಿದುಕೊಂಡಳು. ಮಾತಲ್ಲದ್ದನ್ನೆಲ್ಲ ಅವಳು ಗಲಾಟೆಯ ಪಟ್ಟಿಗೆ ಸೇರಿಸಿದ್ದಳು. ತಗಡಿನ ಪೆಟ್ಟನ್ನೂ, ಬೆಲ್ಲನ್ನೂ. ಹುಟ್ಟಿದಾಗಿನಿಂದ ಈ ಬಸ್ಸಿನಲ್ಲೇ ಓಡಾಡಿದವಳು! ಕಾಲೇಜಿನ ಯಾವ ಪಾಠದಲ್ಲೂ ತಗಡಿಗೆ ಬಡಿದರೆ ಅದೂ ಒಂದು ಮಾತು ಎಂದು ಬರೆದಿರಲಿಲ್ಲ. ಮತ್ತೆ ಒಂದೂವರೆ ತಿಂಗಳು ಕೂತು ಲತೀಶನ ಅಂಗೈಯ ಪೆಟ್ಟುಗಳನ್ನೆಲ್ಲ ಹುಡುಕಿ ತೆಗೆದು, ಇದನ್ನು ಬಿಡಬೇಡ ಎಂದು ಕಂಪ್ಯೂಟರಿಗೆ ಕಲಿಸಿದಳು.

ಅಕ್ಟೋಬರಿನ ಪರೀಕ್ಷೆಯಲ್ಲಿ ಪೆಟ್ಟೂ ಕೇಳಿಸಿತು, ಬೆಲ್ಲೂ ಕೇಳಿಸಿತು, ಹಿಂದಿನಿಂದ ಕೂಗಿದ ಗಂಡಸರ ಮಾತೂ ಕೇಳಿಸಿತು. ನಮಿತಾ ಲೆಕ್ಕಾಚಾರದ ಹಾಳೆ ತೋರಿಸಿ, ನೂರರಲ್ಲಿ ತೊಂಬತ್ತೊಂದು ಸರಿ ಎಂದು ಕುಣಿಯುವುದೊಂದು ಬಾಕಿ. ಆದರೆ ಆ ದಿನ ರಾಜೀವಿಯೂ ಬಂದಿದ್ದಳು. ಮುಂದಿನ ಬಾಗಿಲ ಹತ್ತಿರ, ಗಂಡನ ಬೆನ್ನ ಹಿಂದೆ ನಿಂತು, ಮನೆಯಲ್ಲಿ ಮಾತಾಡುವಷ್ಟೇ ಸ್ವರದಲ್ಲಿ “ನಿಲ್ಸಿ” ಎಂದಳು. ಪೂವಪ್ಪ ತಿರುಗಲಿಲ್ಲ. ಮತ್ತೆ ಹೇಳಿದಳು. ತಿರುಗಲಿಲ್ಲ. ಮೂರನೆಯ ಸಲ ಅವನ ಹೆಗಲಿಗೆ ಕುಟ್ಟಿದಳು.

“ಮೆಲ್ಲಗೆ ಮಾತಾಡಿದ್ದನ್ನು ಅದು ಗಲಾಟೆ ಅಂತ ತಿಳ್ಕೊಂಡು ಅದುಮ್ತದೆ ಪೂವಪ್ಪಣ್ಣ,” ಎಂದಳು ನಮಿತಾ, ಮುಖ ಸಣ್ಣ ಮಾಡಿ. “ಸ್ವರ ಕೊಡ್ಲಿಕ್ಕೆ ಬಂದವ್ರೆಲ್ಲ ಜೋರು ಸ್ವರದವ್ರೇ. ಮೆಲ್ಲಗೆ ಮಾತಾಡುವವ್ರು ಮೈಕಿನ ಹತ್ತಿರ ಬರ್ಲೇ ಇಲ್ಲ. ಆದ್ರೂ ಸರಾಸರಿ ತುಂಬ ಒಳ್ಳೇದುಂಟು. ಇಷ್ಟರಲ್ಲೇ ಕಾಲೇಜಿಗೆ ವರದಿ ಕೊಡ್ಬಹುದು.”

“ಸರಾಸರಿಯವ್ರು ಬಸ್ಸಿಂದ ಬೀಳುದಿಲ್ಲ ಮಾರಾಯ್ತಿ.”

ಯಾರ ಸ್ವರ ಬೇಕು ಎಂಬುದು ಪೂವಪ್ಪನಿಗೆ ಗೊತ್ತಿತ್ತು. ಎರಡು ವರ್ಷಕ್ಕೂ ಮಿಕ್ಕಿ ಅವನು ಆ ಮನೆಯ ಓಣಿಯನ್ನು ತಪ್ಪಿಸಿ ಸುತ್ತುಬಳಸಿ ನಡೆಯುತ್ತಿದ್ದ. ಆಸ್ಪತ್ರೆಗೆ ಒಮ್ಮೆ ಹಣ್ಣು ತೆಗೆದುಕೊಂಡು ಹೋಗಿದ್ದು ಬಿಟ್ಟರೆ ಅಮ್ಮಣ್ಣಿಯ ಮುಖ ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು ಹೊರಟ.

ಅಮ್ಮಣ್ಣಿ ಜಗಲಿಯಲ್ಲಿ ಕೂತು ಪಕ್ಕದ ಮನೆಯ ಚೊಚ್ಚಲು ಬಾಣಂತಿಗೆ ಮಗುವನ್ನು ಹಿಡಿಯುವ ರೀತಿ ಹೇಳಿಕೊಡುತ್ತಿದ್ದಳು. ಹೇಳಿಕೊಡುತ್ತಿದ್ದಳು, ಅಷ್ಟೆ. ಮಗುವನ್ನು ತಾನು ಮುಟ್ಟಿರಲಿಲ್ಲ. ಬಲ ಮಣಿಕಟ್ಟು ಒಂದು ಬದಿಗೆ ವಾಲಿತ್ತು. ಬಾಣಂತಿ ಒಳಗೆ ಹೋದ ಮೇಲೆ ಪೂವಪ್ಪ ಕಿವಿಗೆ ಮೆಷಿನ್ ಹಾಕಿಕೊಂಡು ಅವಳ ಎದುರು ಕೆಳಗೆ ಕೂತ. ಇಬ್ಬರೂ ತುಳುವಿನಲ್ಲಿ ಮಾತಾಡಿದ್ದು, ಇಲ್ಲಿ ಕನ್ನಡದಲ್ಲಿ ಹೇಳಬೇಕಾಗಿದೆ.

“ಅಮ್ಮಣ್ಣಿಯಕ್ಕ, ಅವತ್ತು ನೀವು ಕರೆದಿದ್ದಿರಾ?”

ಅವಳು ವಾಲಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

“ಎರಡೂವರೆ ವರ್ಷ ಬೇಕಾಯ್ತಾ ಇದು ಕೇಳ್ಲಿಕ್ಕೆ? ಮೂರು ಸಲ ಕರೆದೆ ಪೂವಪ್ಪ. ಮೂರನೇ ಸಲ ನಿನ್ನ ಹೆಸರು ಹಿಡಿದು ಕರೆದೆ.”

ಪೂವಪ್ಪನಿಗೆ ಅನುಮಾನ ಇದ್ದದ್ದು ನಿಜವಾದಾಗ ಅನುಮಾನವೇ ಎಷ್ಟೋ ಒಳ್ಳೆಯದಿತ್ತು ಅನ್ನಿಸಿತು. ಕಿವಿಯ ಕಥೆಯನ್ನು ಕೋರೆಯಿಂದ ಹಿಡಿದು ಕೊನೆಯವರೆಗೆ ಹೇಳಿದ. ಮೆಷಿನ್ನಿನ ಕಥೆಯನ್ನೂ ಹೇಳಿ, ನಿಮ್ಮ ಸ್ವರ ಬೇಕು ಎಂದು ಕೇಳಿದ.

“ಅವತ್ತು ಬೇಡವಾಗಿತ್ತು, ಈಗ ಬೇಕಾಯ್ತು,” ಎಂದಳು ಅಮ್ಮಣ್ಣಿ. “ಕೈ ಮುರಿದದ್ದು ಹೋಗ್ಲಿ. ನನ್ನ ಹತ್ತಿರ ಎಳೆ ಮಕ್ಕಳನ್ನು ಕೊಡ್ತಿದ್ದ ಜನ, ಇವಳಿಗೆ ಬಾಯಿ ತೆರೆದು ನಿಲ್ಸಿ ಅನ್ಲಿಕ್ಕೂ ಗೊತ್ತಿಲ್ಲ ಅಂತ ನಗಾಡಿದ್ರು. ಈಗ್ಲೂ ನಗಾಡ್ತಾರೆ. ಅವತ್ತಿಂದ ನಾನು ಬಸ್ಸು ಹತ್ತದೆ ಇದ್ದದ್ದು ಕೈಯ ಹೆದರಿಕೆಯಿಂದ ಅಲ್ಲ. ನೀನು ಸುಳ್ಳು ಹೇಳಿದ್ದು ಬಸ್ಸಿನ ಎದುರಲ್ಲವಾ? ನಿಜವನ್ನೂ ಬಸ್ಸಲ್ಲೇ ಹೇಳು. ಮತ್ತೆ ಬಾ, ಸ್ವರ ಕೊಡ್ತೇನೆ.”

ಮೆಲ್ಲನೆಯ ಸ್ವರದಲ್ಲಿ ಇಷ್ಟು ಗಟ್ಟಿ ಮಾತು ಪೂವಪ್ಪ ಕೇಳಿದ್ದು ಅದೇ ಮೊದಲು. ಹೇಳಿದರೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಕಿವಿ ಕೇಳದಿದ್ದರೂ ಹಲವು ವರ್ಷ ಜನರ ಜೀವ ಕೈಯಲ್ಲಿಟ್ಟುಕೊಂಡು ಬೆಲ್ ಎಳೆದವನನ್ನು ಯಾವ ಧನಿ ಮತ್ತೆ ಹತ್ತಿಸಿಕೊಳ್ಳುತ್ತಾರೆ? ಇಷ್ಟೆಲ್ಲ ಪಾಡುಪಟ್ಟದ್ದು ಆ ಚೀಲವನ್ನು ಮತ್ತೆ ಹೆಗಲಿಗೆ ಹಾಕಲಿಕ್ಕೆ. ಈಗ ಅದೇ ಕೈತಪ್ಪುವ ಹಾಗಿತ್ತು.

ಸೋಮವಾರ ಬೆಳಗಿನ ಎಂಟೂಕಾಲರ ಟ್ರಿಪ್ಪು, ಕಾಲಿಡಲು ಜಾಗವಿಲ್ಲ. ಕೋಟೂರಿನಲ್ಲಿ ಬಸ್ಸು ನಿಂತಾಗ ಪೂವಪ್ಪ ಡ್ರೈವರನ ಪಕ್ಕದ ಕಬ್ಬಿಣದ ಕಂಬಿ ಹಿಡಿದು ಜನರ ಕಡೆ ತಿರುಗಿದ. ಹೊಸ ಕಂಡಕ್ಟರನಿಗೆ ಒಂದು ನಿಮಿಷ ಬೆಲ್ ಕೊಡಬೇಡ ಎಂದ.

“ಅಮ್ಮಣ್ಣಿಯಕ್ಕ ಇಲ್ಲೇ ಬಿದ್ದದ್ದು ನಿಮ್ಗೆಲ್ಲ ನೆನಪುಂಟು. ಅವ್ರು ಹೇಳ್ಲಿಲ್ಲ ಅಂತ ನಾನು ಹೇಳಿದ್ದೆ. ಅದು ಸುಳ್ಳು. ಅವ್ರು ಮೂರು ಸಲ ಕರೆದಿದ್ದಾರೆ, ನಂಗೆ ಕೇಳ್ಲಿಲ್ಲ. ಅದಕ್ಕೆ ಮೊದ್ಲೇ ಎಷ್ಟೋ ವರ್ಷದಿಂದ ನಂಗೆ ಕೇಳ್ತಿರ್ಲಿಲ್ಲ. ಮುಚ್ಚಿಟ್ಟಿದ್ದೆ. ತಪ್ಪು ನಂದು.”

ಬಸ್ಸಿನಲ್ಲಿ ಒಟ್ಟಿಗೆ ಗಲಾಟೆ ಎದ್ದಿತು. ನಮ್ಮ ಮಕ್ಕಳನ್ನು ನಿನ್ನ ಬಸ್ಸಲ್ಲಿ ಕಳಿಸಿದೆವಲ್ಲ ಎಂದು ಒಬ್ಬರು ಬೈದರು. ಬೈದದ್ದು ನ್ಯಾಯವೇ. ಸಂಜೆಯೊಳಗೆ ಸುದ್ದಿ ಧನಿಗೆ ಮುಟ್ಟಿತು. ಸ್ಟ್ಯಾಂಡಿನ ಕೆಲಸಕ್ಕೂ ಬರುವುದು ಬೇಡ ಎಂದು ಹೇಳಿ ಕಳಿಸಿದರು. ಸುದ್ದಿ ಅಮ್ಮಣ್ಣಿಗೂ ಮುಟ್ಟಿತು. ಮಂಗಳವಾರ ಬೆಳಿಗ್ಗೆ ಅವಳು ವಾಚನಾಲಯದ ಬಾಗಿಲಲ್ಲಿ ನಿಂತಿದ್ದಳು. ಒಬ್ಬಳೇ ಬಂದಿರಲಿಲ್ಲ. ತಾನು ಮೀಯಿಸಿದ ಬಾಣಂತಿಯರು, ಹೊಸತಾಗಿ ಮದುವೆಯಾಗಿ ಬಂದ ಸೊಸೆಯಂದಿರು, ದಮ್ಮಿನ ಕಾಯಿಲೆಯ ಒಬ್ಬ ಅಜ್ಜ, ಹೀಗೆ ಹನ್ನೊಂದು ಜನ. ಮೈಕಿನ ಎದುರು ಒಬ್ಬಳು ಸ್ವರ ಏರಿಸಿದಾಗ ಅಮ್ಮಣ್ಣಿ ಗದರಿದಳು: “ಬೊಬ್ಬೆ ಹಾಕ್ಬೇಡ. ನಿನ್ನ ಸ್ವರದಲ್ಲೇ ಹೇಳು. ಕಲೀಬೇಕಾದ್ದು ಮೆಷಿನ್ನು, ನೀನಲ್ಲ.” ಅದನ್ನು ಕೇಳಿ ನಮಿತಾ ಕಾಲೇಜಿನ ಪುಸ್ತಕದಲ್ಲಿ ಬರೆದುಕೊಂಡಳು.

ಹನ್ನೊಂದು ಜನ ನಲವತ್ತಾದರು. ಕೆಲಸವಿಲ್ಲದ ಪೂವಪ್ಪನಿಗೆ ಈಗ ಪೂರ್ತಿ ದಿನ ಇತ್ತು. ಮೆಲ್ಲಗೆ ಮಾತಾಡುವವರನ್ನು ಹುಡುಕಿಕೊಂಡು ಊರೂರು ನಡೆದ. ಅಂಥವರನ್ನು ಹುಡುಕುವುದು ಎಷ್ಟು ಕಷ್ಟ ಎಂಬುದು ಹುಡುಕಿದವರಿಗೇ ಗೊತ್ತು, ಅವರು ಕಂಡಲ್ಲಿ ಕೂಗಿ ಹೇಳುವವರಲ್ಲವಲ್ಲ! ರಾಜೀವಿ ಬೀಡಿ ಕಟ್ಟಿದ ದುಡಿಮೆಯಿಂದ ಮನೆ ನೋಡಿಕೊಂಡಳು. ಒಂದು ದಿನವೂ ಇನ್ನು ಸಾಕು ಎನ್ನಲಿಲ್ಲ.

೨೦೧೯ರ ಮಾರ್ಚಿನಲ್ಲಿ ಅಮ್ಮಣ್ಣಿ ಧನಿಯ ಮನೆಗೆ ಹೋದಳು. ಅಲ್ಲಿ ಏನು ಮಾತಾಯಿತು ಎಂದು ಪೂರ್ತಿ ಯಾರಿಗೂ ಗೊತ್ತಿಲ್ಲ. ಧನಿ ಆಮೇಲೆ ಲತೀಶನ ಹತ್ತಿರ ಹೇಳಿದ್ದು ಇಷ್ಟೇ: “ಬಿದ್ದವಳೇ ಬಂದು, ಅವನನ್ನೊಮ್ಮೆ ಹತ್ತಿಸಿ ನೋಡಿ, ನಾನೂ ಬರ್ತೇನೆ ಅಂದ್ರೆ ನಾನು ಎಂತ ಹೇಳುದು?” ಒಂದು ಟ್ರಿಪ್ಪು, ಪಕ್ಕದಲ್ಲಿ ಹೊಸ ಕಂಡಕ್ಟರ್ ಇರಲೇಬೇಕು ಎಂಬ ಷರತ್ತಿನ ಮೇಲೆ ಒಪ್ಪಿಗೆಯಾಯಿತು. ನಮಿತಾಳೂ ಅದಕ್ಕೆ ಹೂಂ ಎಂದಳು. ಫೋನು ದೋಸೆಯ ಕಾವಲಿಯ ಹಾಗೆ ಬಿಸಿಯಾಗುತ್ತಿತ್ತು, ಬ್ಯಾಟರಿ ಎರಡು ಗಂಟೆಗಿಂತ ಹೆಚ್ಚು ಬರುತ್ತಿರಲಿಲ್ಲ.

ಅದೇ ಎಂಟೂಕಾಲರ ಟ್ರಿಪ್ಪು. ಪೂವಪ್ಪ ಚೀಲ ಹೆಗಲಿಗೆ ಹಾಕಿದ. ಜನ ಅವನ ಕಿವಿಯ ವಯರನ್ನು ನೋಡುತ್ತಿದ್ದರು, ಅವನು ಅಡಗಿಸಲಿಲ್ಲ. ಬೋವಿಕ್ಕಾನದಲ್ಲಿ ಅಮ್ಮಣ್ಣಿ ಮುಂದಿನ ಬಾಗಿಲಿನಿಂದ ಹತ್ತಿದಳು. ಎಲ್ಲಿಗೆಂದು ಅವನು ಕೇಳಿದ. ಮುಳ್ಳೇರಿಯ ಎಂ‍ದಳು, ಮುಳ್ಳೇರಿಯಕ್ಕೇ ಟಿಕೆಟು ಹರಿಸಿಕೊಂಡಳು. ಹಳೆಯ ಪೂವಪ್ಪನಾದರೆ ಅದನ್ನು ತಲೆಯಲ್ಲಿ ಗಂಟು ಹಾಕಿಕೊಂಡು, ಮುಳ್ಳೇರಿಯದವರೆಗೆ ಅವಳ ಕಡೆ ನೋಡುತ್ತಲೂ ಇರಲಿಲ್ಲ.

ಕೋಟೂರು ಬಂತು. ಕೆಲವರು ಇಳಿದರು. ಪೂವಪ್ಪ ಹಿಂದಿನ ಸೀಟಿನವರ ಕಡೆ ತಿರುಗಿ ಟಿಕೆಟು ಕೊಡುತ್ತಿದ್ದ. ಶಾಲೆಯ ಮಕ್ಕಳು ಗದ್ದಲ ಮಾಡುತ್ತಿದ್ದರು, ಡ್ರೈವರು ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಇಂಜಿನನ್ನು ಗುರ್ ಎನ್ನಿಸುತ್ತಿದ್ದ. ತಗಡಿಗೆ ಲತೀಶನ ಪೆಟ್ಟು ಬಿತ್ತು, ಒಂದು, ಎರಡು. ಪೂವಪ್ಪನ ಕೈ ಹಗ್ಗದ ಕಡೆ ಹೋಯಿತು.

“ಇಳೀಲಿಕ್ಕುಂಟು.”

ಬೆನ್ನ ಹಿಂದಿನಿಂದ, ಮಲಗಿದ ಮಗು ಏಳದಷ್ಟು ಮೆಲ್ಲಗೆ. ಪೂವಪ್ಪನ ಕೈ ಹಗ್ಗದಲ್ಲಿ ಹಾಗೆಯೇ ನಿಂತಿತು. ಒಂದೇ ಸಲ ಎಳೆದ. ಠಣ್. ತಿರುಗಿ, ಜನರನ್ನು ಬದಿಗೆ ಸರಿಸಿ ಮುಂದಿನ ಬಾಗಿಲಿಗೆ ಬಂದ. ಅಮ್ಮಣ್ಣಿ ಮೆಟ್ಟಿಲಲ್ಲಿ ನಿಂತಿದ್ದಳು. ವಾಲಿದ ಕೈಯನ್ನು ಅವನ ಕಡೆ ಚಾಚಿದಳು. ಅವನು ಅದನ್ನು ಹಿಡಿದು ಇಳಿಸಿದ.

ರಸ್ತೆಯಲ್ಲಿ ನಿಂತು ಅವಳು ಸೆರಗು ಸರಿಮಾಡಿಕೊಂಡಳು. ಅವನ ಮುಖ ನೋಡಿ ಅದೇ ಸ್ವರದಲ್ಲಿ ಹೇಳಿದಳು:

“ಈ ಸಲ ಒಂದೇ ಸಲ ಕರೆದದ್ದು.”

“ಕೇಳಿತು ಅಮ್ಮಣ್ಣಿಯಕ್ಕ,” ಎಂದ ಪೂವಪ್ಪ. ಅವಳು ರಸ್ತೆ ದಾಟಿ ಆಚೆ ಬದಿ ಮುಟ್ಟುವವರೆಗೂ ಅವನು ಹೊರಡುವ ಎರಡು ಬೆಲ್ ಕೊಡಲಿಲ್ಲ.